ಹೆಸರು ಬರೆಯಲಾಗದ ಒಬ್ಬರಿಗೆ

ಹೋದ ಶುಕ್ರವಾರ ಐಡಿ ಕಾರ್ಡು, ಲಾಕರ್ ಕೀ ಎರಡನ್ನೂ ಒಪ್ಪಿಸಿ ಬಂದೆ. ಇಂಗ್ಲೆಂಡಿನ ಪೊಲೀಸ್ ಕೆಲಸ ಅಲ್ಲಿಗೆ ಮುಗಿಯಿತು. ಅವತ್ತಿನಿಂದ ಫೋನು, ಮೆಸೇಜು ಬರುತ್ತಲೇ ಇವೆ. ಒಬ್ಬೊಬ್ಬರಿಗೇ ಉತ್ತರ ಬರೆಯಲು ಆಗುತ್ತಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಎಲ್ಲರಿಗೂ ಸೇರಿಸಿ ಇಲ್ಲೇ ಬರೆಯುತ್ತಿದ್ದೇನೆ.

ಊರಿನ ಕಡೆಯವರಿಗೆ ನಾನು ಏನು ಮಾಡುತ್ತಿದ್ದೆ ಎಂದು ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ನಾನೇ ಹೇಳುವ ಹಾಗಿರಲಿಲ್ಲ. "ಪೊಲೀಸ್ ಅಂತೀಯ, ಡ್ರೆಸ್ ಹಾಕಿದ್ದು ಒಂದು ಫೋಟೋನೂ ಇಲ್ವಲ್ಲೇ" ಎಂದು ಅಮ್ಮ ಪ್ರತಿ ಸಲ ಕೇಳುತ್ತಿದ್ದಳು. ಡ್ರೆಸ್ ಇರಲಿಲ್ಲಮ್ಮ. ಯಾರನ್ನೂ ಹಿಡಿಯುವ ಅಧಿಕಾರವೂ ಇರಲಿಲ್ಲ. ನಾನು ಸಿವಿಲಿಯನ್ ಸಿಬ್ಬಂದಿ, ಇಂಟೆಲಿಜೆನ್ಸ್ ರಿಸರ್ಚರ್. ಅಧಿಕಾರಿಗಳು ಒಂದು ಅಡ್ಡಹೆಸರು, ಅರ್ಧ ಕಾರ್ ನಂಬರು, ಹಳೇ ಫೋನ್ ನಂಬರು ಕೊಡುತ್ತಿದ್ದರು. ಅದು ಯಾರದ್ದು, ಅವರು ಯಾರ ಜೊತೆ ಓಡಾಡುತ್ತಾರೆ, ಮೊದಲು ಯಾವ ಮನೆಯಲ್ಲಿದ್ದರು ಎಂದು ಹುಡುಕಿ ಬರೆದುಕೊಡುವುದು ನನ್ನ ಕೆಲಸ. ಠಾಣೆ ಮೆಟ್ಟಿಲು ಹತ್ತಬಾರದು ಎಂದು ಹೇಳಿ ಬೆಳೆಸಿದ ಮನೆಯ ಹುಡುಗಿ ವರ್ಷಗಟ್ಟಲೆ ದಿನಾ ಹತ್ತಿದಳು, ನೋಡಿ.

ವೆಟಿಂಗಿನವರು, ಅಂದರೆ ಕೆಲಸಕ್ಕೆ ತೆಗೆದುಕೊಳ್ಳುವಾಗ ಹಿನ್ನೆಲೆ ಪರಿಶೀಲಿಸುವವರು, ಮನೆಮಂದಿಯ ಹುಟ್ಟಿದ ದಿನದಿಂದ ಬ್ಯಾಂಕ್ ಸಾಲದವರೆಗೆ ಕೆದಕಿ ಕೇಳಿದಾಗ ಗೊಣಗದೆ ಕೊಟ್ಟ ನನ್ನ ಗಂಡ, ಅತ್ತೆ ಮಾವ, ಶಿಫ್ಟ್ ಇದ್ದಾಗ ಮಗಳನ್ನು ಸ್ಕೂಲಿನಿಂದ ಕರೆತಂದ ಗೆಳತಿಯರು, ನಾವು ಕೊಟ್ಟ ಮಾಹಿತಿಯಿಂದ ಏನಾಯಿತು ಎಂದು ತಿರುಗಿ ಫೋನ್ ಮಾಡಿ ತಿಳಿಸಿದ ಅಪರೂಪದ ಅಧಿಕಾರಿಗಳು, ನಿಮಗೆಲ್ಲ ತುಂಬಾ ತುಂಬಾ ಥ್ಯಾಂಕ್ಸ್.

ಉಳಿದ ಜಾಗ ಒಬ್ಬರಿಗೆ.

ಅವರು ಪಕ್ಕದ ಡೆಸ್ಕಿನವರು. ಹೆಸರು ಬರೆದರೆ ಅವರೇ ಮೊದಲು ಬೈಯುತ್ತಾರೆ. ಮಾಹಿತಿ ಕಾರ್ಡುಗಳಲ್ಲಿ, ಡಬ್ಬಗಳಲ್ಲಿ ಇದ್ದ ಕಾಲ ನೋಡಿದವರು. ಮೊದಲ ದಿನ ನನಗೆ ಕಂಪ್ಯೂಟರ್ ತೋರಿಸಲಿಲ್ಲ. ಸೋಹಮ್ ಎಂಬ ಊರಿನ ಕಥೆ ಹೇಳಿದರು. 2002ರಲ್ಲಿ ಕೇಂಬ್ರಿಜ್‌ಶೈರ್‌ನ ಆ ಊರಿನಲ್ಲಿ ಹತ್ತು ವರ್ಷದ ಇಬ್ಬರು ಹುಡುಗಿಯರನ್ನು ಶಾಲೆಯೊಂದರ ಕೇರ್‌ಟೇಕರ್ ಕೊಂದ. ಅವನ ಮೇಲೆ ಬೇರೆ ಕಡೆ ಮೊದಲೇ ಒಂದರ ಮೇಲೊಂದು ದೂರು ಬಂದಿದ್ದವು. ಕೆಲಸಕ್ಕೆ ಸೇರುವಾಗ ವಿಚಾರಿಸಿದರೆ ಅದ್ಯಾವುದೂ ಹೊರಗೆ ಬರಲಿಲ್ಲ. ಹೀಗೆ ಯಾಕಾಯಿತು ಎಂದು ತನಿಖೆ ನಡೆದು, 2004ರಲ್ಲಿ ಬಿಚರ್ಡ್ ವರದಿ ಬಂತು. ಎಲ್ಲ ಪೊಲೀಸ್ ಪಡೆಗಳ ಮಾಹಿತಿಯನ್ನು ಒಂದೇ ಕಡೆ ಹುಡುಕುವ ಪೊಲೀಸ್ ನ್ಯಾಷನಲ್ ಡೇಟಾಬೇಸ್ ಶುರುವಾಗಲು 2011 ಆಯಿತು. "ಒಬ್ಬರು ಇಟ್ಟುಕೊಳ್ಳಲಿಲ್ಲ, ಇನ್ನೊಬ್ಬರಿಗೆ ಸಿಗಲಿಲ್ಲ. ನಿನ್ನ ಕೆಲಸ ಏನು ಅಂತ ಗೊತ್ತಾಯ್ತಾ?" ಎಂದರು.

ಬಂದ ಸುದ್ದಿಗೆ ದರ್ಜೆ ಹಾಕುವುದನ್ನೂ ಅವರೇ ಕಲಿಸಿದರು. ಹೇಳಿದವರನ್ನು ಎಷ್ಟು ನಂಬಬಹುದು ಎನ್ನುವುದಕ್ಕೆ 3 ಹಂತ, ಹೇಳಿದ ಮಾತು ಎಷ್ಟು ಗಟ್ಟಿ ಎನ್ನುವುದಕ್ಕೆ 5, ಯಾರ ಜೊತೆ ಹಂಚಿಕೊಳ್ಳಬಹುದು ಎನ್ನುವುದಕ್ಕೆ 2. ನಂಬಿಕಸ್ಥರೇ ಹೇಳಿದರೂ, ಕಣ್ಣಾರೆ ಕಂಡಿದ್ದೋ ಇನ್ನೊಬ್ಬರ ಬಾಯಲ್ಲಿ ಕೇಳಿದ್ದೋ ಎಂದು ಬೇರೆಯಾಗಿ ಗುರುತು ಹಾಕಬೇಕು. ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೂ ಇದು ಬಂದರೆ ಒಳ್ಳೆಯದಿತ್ತು, ಅಲ್ವಾ? ನಾನು ಅವರಿಗೆ ಕಲಿಸಿದ್ದು ಒಂದೇ. ನಮ್ಮ ಕಡೆಯವರ ಹೆಸರು ಹುಡುಕುವಾಗ ಹಿಂದುಮುಂದು ಮಾಡಿಯೂ ನೋಡಬೇಕು. ಫಾರ್ಮಿನಲ್ಲಿ ಸರ್‌ನೇಮ್ ಕೇಳಿದರೆ ಒಬ್ಬ ಅಪ್ಪನ ಹೆಸರು ಬರೆಯುತ್ತಾನೆ, ಇನ್ನೊಬ್ಬ ಊರಿನ ಹೆಸರು ಬರೆಯುತ್ತಾನೆ.

ಆ ರಾತ್ರಿಯ ಕೇಸಿನ ಬಗ್ಗೆ ಬರೆಯುವ ಹಾಗಿಲ್ಲ. ಗೊತ್ತಿರುವವರಿಗೆ ಗೊತ್ತು. ಕಾಣೆಯಾದ ಹುಡುಗ, ಹೈ ರಿಸ್ಕ್, ಅಷ್ಟು ಸಾಕು. ಅವರ ಶಿಫ್ಟ್ ಮುಗಿದಿತ್ತು. ಕೋಟು ಹಾಕಿಕೊಂಡು, ಕಾರಿನ ಕೀ ಹಿಡಿದು ಹೊರಟವರು ನನ್ನ ಸ್ಕ್ರೀನ್ ಕಡೆ ಒಮ್ಮೆ ನೋಡಿದರು. ಕೋಟು ಬಿಚ್ಚಿ ಕುರ್ಚಿಗೆ ಹಾಕಿ ಮತ್ತೆ ಲಾಗಿನ್ ಆದರು. "ಫೋನ್ ನಂಬರುಗಳು ನನಗಿರಲಿ. ನೀನು ವಿಳಾಸ ನೋಡು." ಅಷ್ಟೇ ಮಾತು. ಬೆಳಕು ಹರಿಯುವವರೆಗೂ ಏಳಲಿಲ್ಲ.

ಹುಡುಗ ಸಿಕ್ಕ. ನಾವು ಬೇಡಿಕೊಂಡ ಹಾಗೆ ಸಿಗಲಿಲ್ಲ.

ಟಾಯ್ಲೆಟ್ಟಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ. ನನ್ನ ಮಗಳು ಅವನಿಗಿಂತ ಸ್ವಲ್ಪ ಚಿಕ್ಕವಳು. ಇಷ್ಟು ಡೇಟಾಬೇಸು, ಇಷ್ಟು ದರ್ಜೆ, ಇಷ್ಟು ಕೋಡು ಯಾವ ಸುಡುಗಾಡಿಗೆ ಬೇಕು ಅನ್ನಿಸಿತು. ಮಗು ರೀ ಅದು. ಈಗಲೂ ಕೆಲವು ದಿನ ಹಾಗೇ ಅನ್ನಿಸುತ್ತದೆ.

ಹೊರಗೆ ಬಂದರೆ ನನ್ನ ಡೆಸ್ಕಿನ ಮೇಲೆ ಒಂದು ಮಗ್ ಟೀ. ಹಾಲು ಜಾಸ್ತಿ, ಕೇಳದೆಯೇ ಎರಡು ಚಮಚ ಸಕ್ಕರೆ. ಪಕ್ಕದಲ್ಲಿ ನನ್ನ ನೋಟ್‌ಬುಕ್ಕು ತೆರೆದು ಇಟ್ಟಿದ್ದರು. "ಈಗಲೇ ಬರಿ. ಎಷ್ಟು ಗಂಟೆಗೆ ಏನು ಹುಡುಕಿದೆ, ಯಾರಿಗೆ ಹೇಳಿದೆ, ಎಲ್ಲ. ಮಲಗಿ ಎದ್ದರೆ ಕಲಸಿಹೋಗುತ್ತದೆ." ನನಗೆ ಸಿಟ್ಟು ನೆತ್ತಿಗೇರಿತು. ಇಂಥ ಹೊತ್ತಿನಲ್ಲೂ ಪೇಪರ್‌ವರ್ಕಾ? ಆದರೂ ಬರೆದೆ. ಒಂದೊಂದು ಸಾಲನ್ನೂ ಅವರು ಸಿಸ್ಟಂನಲ್ಲಿದ್ದ ಸಮಯದ ಜೊತೆ ತಾಳೆ ನೋಡಿದರು.

ಯಾಕೆ ಎಂದು ಆಮೇಲೆ ತಿಳಿಯಿತು. ಅಂಥದ್ದು ನಡೆದ ಮೇಲೆ ವಿಚಾರಣೆ ಆಗುತ್ತದೆ. ಯಾವ ಮಾಹಿತಿ ಎಷ್ಟು ಹೊತ್ತಿಗೆ ಯಾರ ಕೈಯಲ್ಲಿತ್ತು ಎಂದು ಕೇಳುತ್ತಾರೆ. ಕೇಳಿದಾಗ ಆ ಪುಟಗಳನ್ನು ಮುಂದಿಟ್ಟೆ. ಆದರೆ ಅವು ನನಗೆ ಹೆಚ್ಚು ಬೇಕಾದದ್ದು ಅಲ್ಲಲ್ಲ, ಮನೆಯಲ್ಲಿ. ನಡುರಾತ್ರಿ ಎಚ್ಚರವಾಗಿ, ಏನೋ ನೋಡದೆ ಬಿಟ್ಟೆನಾ ಎಂದು ಎದೆ ಹೊಡೆದುಕೊಳ್ಳುವಾಗ ಆ ಸಾಲುಗಳನ್ನು ಒಂದೊಂದಾಗಿ ನೆನಪು ಮಾಡಿಕೊಳ್ಳುತ್ತಿದ್ದೆ. ಬಿಟ್ಟಿರಲಿಲ್ಲ. ಇಬ್ಬರೂ ಬಿಟ್ಟಿರಲಿಲ್ಲ.

ಆ ಕೆಲಸ ಬಿಡಲು ಆ ರಾತ್ರಿ ಕಾರಣ ಅಲ್ಲ. ಅದಾದ ಮೇಲೂ ಬಹಳ ಕಾಲ ಅಲ್ಲೇ ಇದ್ದೆ, ಒಳ್ಳೆಯ ದಿನಗಳೂ ಬಂದವು. ಶಿಫ್ಟ್ ಸಾಕಾಯಿತು, ಅಷ್ಟೇ. ಮುಂದೇನು ಎಂದು ಕೇಳಬೇಡಿ, ಸ್ವಲ್ಪ ದಿನ ಸುಮ್ನೆ ಇರುತ್ತೇನೆ.

ಇದನ್ನೆಲ್ಲ ಅವರ ಎದುರಿಗೆ ಹೇಳಲು ಹೋದರೆ ಮಾತು ಹವಾಮಾನದ ಕಡೆ ತಿರುಗಿಸುತ್ತಾರೆ. ಅವರಿಗೆ ಕನ್ನಡ ಓದಲು ಬರುವುದಿಲ್ಲ ಎಂಬ ಧೈರ್ಯದ ಮೇಲೆ ಇಷ್ಟು ಬರೆದೆ. ಬರುವ ಭಾನುವಾರ ಮನೆಗೆ ಊಟಕ್ಕೆ ಬರುತ್ತಿದ್ದಾರೆ. ಬಿಸಿಬೇಳೆಬಾತಿಗೆ ಖಾರ ಕಡಿಮೆ ಮಾಡಬೇಡ ಎಂದು ಈಗಾಗಲೇ ಎರಡು ಸಲ ಹೇಳಿದ್ದಾರೆ.