ಇನ್ನು ಮುಂದೆ ನಮ್ಮ ಬ್ಲಾಕ್ ಎರಡು ವಾರ ತಡವಾಗಿ ಬರುತ್ತದೆ

ಪ್ರಿಯ ಗ್ರಾಹಕರೇ,

ನಿಮಗೆ ತೊಂದರೆಯಾಗುವ ಸಂಗತಿಯನ್ನೇ ಮೊದಲು ಹೇಳಿಬಿಡುತ್ತೇವೆ. ಇದುವರೆಗೆ ಗೋಡೆ ಕಟ್ಟುವ ಕಾಂಕ್ರೀಟ್ ಬ್ಲಾಕನ್ನು ಅಚ್ಚಿನಲ್ಲಿ ಒತ್ತಿ 14 ದಿನಕ್ಕೆ ಲೋಡ್ ಕಳಿಸುತ್ತಿದ್ದೆವು. ಇನ್ನು 28 ದಿನ ತುಂಬದೆ ಒಂದು ಬ್ಲಾಕೂ ನಮ್ಮ ಅಂಗಳ ದಾಟುವುದಿಲ್ಲ. ಬ್ಲಾಕಿಗೆ ಹಾಕುವ ಸಿಮೆಂಟಿನಲ್ಲಿ ತೂಕದ ಲೆಕ್ಕಕ್ಕೆ ಐದರಲ್ಲಿ ಒಂದು ಪಾಲು ತೆಗೆದು, ಅದರ ಬದಲು ಹಾರುಬೂದಿ ಹಾಕುತ್ತಿದ್ದೇವೆ. ಫ್ಲೈ ಆ್ಯಶ್ ಅಂತಾರಲ್ಲ, ಅದೇ. ಜಲ್ಲಿ, ಮರಳು, ಅಳತೆ, ಅಚ್ಚು ಎಲ್ಲ ಮೊದಲಿನದೇ.

ಬೂದಿ ಅಂದ ಕೂಡಲೇ ಒಲೆಯ ಬೂದಿ ಕಣ್ಣಿಗೆ ಬರುವುದು ಸಹಜ. ಫೋನಿನಲ್ಲಿ ಕೆಲವರು ನಕ್ಕರು, ಕೆಲವರು ಸಿಟ್ಟಾದರು. ಇದು ಆ ಬೂದಿ ಅಲ್ಲ. ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲನ್ನು ಹಿಟ್ಟಿನಷ್ಟು ನುಣ್ಣಗೆ ಅರೆದು ಕುಲುಮೆಗೆ ಊದುತ್ತಾರೆ. ಕಲ್ಲಿದ್ದಲಿನೊಳಗೆ ಸೇರಿಕೊಂಡ ಮಣ್ಣಿನ ಅಂಶ ಆ ಕಾವಿಗೆ ಕರಗುತ್ತದೆ. ಹೊಗೆಯ ಜೊತೆ ಮೇಲೇರುತ್ತಾ ತಣಿದು, ಕಣ್ಣಿಗೆ ಕಾಣದಷ್ಟು ಸಣ್ಣ ಗಾಜಿನ ಗುಂಡುಗಳಾಗುತ್ತದೆ. ಚಿಮಣಿ ಸೇರುವ ಮೊದಲು ವಿದ್ಯುತ್ ಹರಿಸಿದ ಲೋಹದ ಫಲಕಗಳು ಅದನ್ನು ಸೆಳೆದು ಹಿಡಿಯುತ್ತವೆ. ಹೆಚ್ಚಿನ ಪಾಲು ಸಿಲಿಕಾ, ಅಲ್ಯೂಮಿನಾ, ಸ್ವಲ್ಪ ಕಬ್ಬಿಣದ ಆಕ್ಸೈಡ್. ಕುಲುಮೆಯ ತಳಕ್ಕೆ ಬೀಳುವ ದಪ್ಪ ಬೂದಿಯ ಕಥೆಯೇ ಬೇರೆ. ಅದು ಇದ್ದ ಹಾಗೇ ಮರಳಿನ ಜಾಗಕ್ಕೆ ಆದೀತು, ಸಿಮೆಂಟಿನ ಜಾಗಕ್ಕೆ ಆಗದು. ನಾವು ಅದನ್ನು ಮುಟ್ಟಿಲ್ಲ.

ಹಾಗಾದರೆ ತಡ ಯಾಕೆ? ಸಿಮೆಂಟಿಗೆ ನೀರು ಬಿದ್ದಾಗ ಎರಡು ವಸ್ತು ಹುಟ್ಟುತ್ತವೆ. ಒಂದು, ಜಲ್ಲಿ ಮರಳನ್ನು ಹಿಡಿದಿಡುವ ಅಂಟು. ಇನ್ನೊಂದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ಅರಳಿದ ಸುಣ್ಣ. ಈ ಸುಣ್ಣದಿಂದ ಬ್ಲಾಕಿನ ಬಲಕ್ಕೆ ಅಂಥ ಲಾಭವಿಲ್ಲ. ಸುಮ್ನೆ ಒಳಗೆ ಕೂತಿರುತ್ತದೆ. ತೇವ ಓಡಾಡಿದಾಗ ಕರಗಿ ಹೊರಬಂದು ಗೋಡೆಯ ಮೇಲೆ ಬಿಳಿ ಬಿಳಿಯಾಗಿ ಕಾಣಿಸಿಕೊಳ್ಳುತ್ತದೆ. ಬೂದಿಯ ಗಾಜು ಈ ಸುಣ್ಣವನ್ನೇ ಹಿಡಿದುಕೊಂಡು ಮತ್ತೆ ಅದೇ ಬಗೆಯ ಅಂಟನ್ನು ಮಾಡುತ್ತದೆ. ಆದರೆ ಸುಣ್ಣ ಹುಟ್ಟುವ ತನಕ ಬೂದಿ ಕಾಯಬೇಕು. ಸಿಮೆಂಟಿನ ಊಟ ಮುಗಿದ ಮೇಲೆ ಬೂದಿಯ ಪಂಕ್ತಿ. ಮೊದಲ ವಾರದಲ್ಲಿ ಅದು ಹೆಚ್ಚುಕಡಿಮೆ ಏನೂ ಮಾಡುವುದಿಲ್ಲ. ನಿಜವಾದ ಕೆಲಸ ಆಮೇಲೆ, ಅದೂ ಬ್ಲಾಕಿನೊಳಗೆ ತೇವ ಇದ್ದರೆ ಮಾತ್ರ. ಒಣಗಿತೋ, ಅಲ್ಲಿಗೇ ನಿಂತಿತು. ಚಳಿ ಇದ್ದರೆ ಇನ್ನೂ ನಿಧಾನ.

ಇದನ್ನು ನಾವು ಓದಿ ತಿಳಿದುಕೊಂಡಿದ್ದೆವು. ಆದರೂ ಕಲಿತದ್ದು ಮಾತ್ರ ಕೈಸುಟ್ಟುಕೊಂಡು. ಮೊದಲ ಪ್ರಯೋಗದಲ್ಲಿ ಉತ್ಸಾಹ ಜಾಸ್ತಿಯಾಗಿ ಸಿಮೆಂಟಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೂದಿ ಹಾಕಿದೆವು. ಅಚ್ಚಿನಿಂದ ಬಂದ ಬ್ಲಾಕ್ ನೋಡಲು ಬಲು ಚೆಂದ. ಗುಂಡು ಗುಂಡಾದ ಕಣಗಳಲ್ಲವೇ, ಮಿಶ್ರಣ ಅಚ್ಚಿನ ಮೂಲೆಮೂಲೆಗೂ ಸಲೀಸಾಗಿ ಕೂತಿತ್ತು. ಏಳನೇ ದಿನ ಎತ್ತಿ ಜೋಡಿಸಲು ಹೋದರೆ ಮೂಲೆಗಳು ಕೈಯಲ್ಲೇ ಉಳಿದವು. ಅರ್ಧ ರಾಶಿ ಹಾಳಾಯಿತು. ಉಳಿದದ್ದನ್ನು ಗೋಣಿತಾಟು ಹೊದಿಸಿ, ನೀರು ಹಾಕುತ್ತಾ ಹಾಗೇ ಬಿಟ್ಟೆವು. 56ನೇ ದಿನ ಪರೀಕ್ಷೆಯ ಯಂತ್ರಕ್ಕೆ ಇಟ್ಟಾಗ ಹಳೆಯ ಬ್ಲಾಕ್ ತಡೆಯುತ್ತಿದ್ದಷ್ಟೇ ಭಾರ ತಡೆದವು. ಮೂಲೆ ಮುರಿದದ್ದು ನಮ್ಮ ಅವಸರಕ್ಕೆ. ಅಷ್ಟು ದಿನ ಕಾಯಲು ನಿಮಗೂ ಆಗದು, ನಮಗೆ ಜಾಗವೂ ಇಲ್ಲ. ಅದಕ್ಕೇ ಐದರಲ್ಲಿ ಒಂದು ಪಾಲಿಗೆ ನಿಲ್ಲಿಸಿದ್ದೇವೆ. ಈ ಪ್ರಮಾಣದಲ್ಲಿ 28 ದಿನಕ್ಕೆ ಬ್ಲಾಕ್ ಹಳೆಯದರ ಸಮಕ್ಕೆ ಬರುತ್ತದೆ. ಆಮೇಲೂ ತಿಂಗಳುಗಟ್ಟಲೆ ಗಟ್ಟಿಯಾಗುತ್ತಲೇ ಇರುತ್ತದೆ.

ಇನ್ನೊಂದು ಪಾಠ ಬೂದಿ ಕೊಂಡಾಗ ಆಯಿತು. ಒಂದು ಲೋಡ್ ಕಪ್ಪಗೆ ಬಂತು. ಕಲ್ಲಿದ್ದಲು ಪೂರ್ತಿ ಸುಡದೆ ಇದ್ದಿಲು ಉಳಿದಿತ್ತು. ಇದ್ದಿಲು ಗೋಡೆಗೆ ಬಲ ಕೊಡುವುದಿಲ್ಲ, ನೀರು ಮಾತ್ರ ಕುಡಿಯುತ್ತದೆ. ಅಮೆರಿಕದ ಎಎಸ್‌ಟಿಎಂ ಸಿ618 ಮಾನದಂಡದ ಪ್ರಕಾರ ಬೂದಿಯನ್ನು ಮತ್ತೆ ಸುಟ್ಟಾಗ ಕಳೆದುಹೋಗುವ ತೂಕ 6% ಮೀರಬಾರದು. 45 ಮೈಕ್ರಾನ್ ಜರಡಿಯ ಮೇಲೆ 34%ಗಿಂತ ಹೆಚ್ಚು ಉಳಿಯಬಾರದು. ಈ ಎರಡು ಅಂಕಿ ಇರುವ ಪರೀಕ್ಷಾ ವರದಿ ಇಲ್ಲದಿದ್ದರೆ ಈಗ ನಾವು ಲೋಡ್ ಇಳಿಸಿಕೊಳ್ಳುವುದೇ ಇಲ್ಲ. ವರದಿ ನೋಡಬೇಕೆನ್ನುವವರು ಕೇಳಿ, ತೋರಿಸುತ್ತೇವೆ.

ಇಷ್ಟೆಲ್ಲ ತಾಪತ್ರಯ ಯಾಕೆ ಅಂತೀರಾ? ಪರಿಸರಕ್ಕಾಗಿ ಮಾತ್ರ ಅಂದರೆ ಸುಳ್ಳಾಗುತ್ತದೆ. ಸಿಮೆಂಟಿನ ಖರ್ಚು ಉಳಿಯುತ್ತದೆ. ಅದರಲ್ಲಿ ಒಂದು ಪಾಲು ಹೆಚ್ಚಿನ ದಿನಗಳ ಕ್ಯೂರಿಂಗಿಗೆ, ಅಂದರೆ ನೀರು ಹಾಕಿ ತೇವ ಉಳಿಸುವ ಕೆಲಸಕ್ಕೆ, ಹೆಚ್ಚಿನ ಜಾಗಕ್ಕೆ ಹೋಗುತ್ತದೆ, ಅದೂ ನಿಜ. ಆದರೆ ಪರಿಸರದ ಮಾತು ಬರೀ ತೋರಿಕೆಯದಲ್ಲ. ಸಿಮೆಂಟಿನ ಕ್ಲಿಂಕರ್, ಅಂದರೆ ಅರೆದರೆ ಸಿಮೆಂಟಾಗುವ ಗಟ್ಟಿ ಉಂಡೆಗಳು, ತಯಾರಾಗಲು ಸುಣ್ಣಕಲ್ಲನ್ನು ಸುಮಾರು 1450 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬೇಕು. ಉರುವಲಿನ ಹೊಗೆ ಒಂದು ಕಡೆ ಇರಲಿ, ಸುಣ್ಣಕಲ್ಲೇ ಒಡೆದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಎಷ್ಟೇ ಶುದ್ಧ ಇಂಧನ ಹಾಕಿದರೂ ಆ ಅನಿಲ ತಪ್ಪದು. ಪ್ರಪಂಚದಲ್ಲಿ ಮನುಷ್ಯರ ಕೆಲಸಗಳಿಂದ ಹೊರಬೀಳುವ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು 7ರಿಂದ 8% ಸಿಮೆಂಟಿನ ಪಾಲು. ಅದರಲ್ಲಿ ಕಡಿಮೆ ಮಾಡಿದಷ್ಟೂ ಒಳ್ಳೆಯದೇ ಅಲ್ವಾ? ಹಾಗಂತ ಬೂದಿ ಉಪಯೋಗಕ್ಕೆ ಬಂತೆಂದು ಕಲ್ಲಿದ್ದಲು ಸುಡುವುದು ಒಳ್ಳೆಯದಾಗಿಬಿಡುವುದಿಲ್ಲ. ಸ್ಥಾವರಗಳು ಮುಚ್ಚುತ್ತಾ ಹೋದರೆ ಮುಂದೊಂದು ದಿನ ಬೂದಿಯೂ ಸಿಗದು. ಆಗ ಭತ್ತದ ಹೊಟ್ಟಿನ ಬೂದಿಯೋ ಇನ್ನೊಂದೋ ಹುಡುಕಬೇಕಾಗುತ್ತದೆ.

ನಿಮ್ಮ ಮೇಲೆ ಪ್ರಯೋಗ ಮಾಡುತ್ತಿದ್ದೇವೆ ಅಂದುಕೊಳ್ಳಬೇಡಿ. ರೋಮನ್ನರು ಜ್ವಾಲಾಮುಖಿಯ ಬೂದಿಗೆ ಸುಣ್ಣ ಬೆರೆಸಿ ಕಟ್ಟಿದ ಗೋಡೆಗಳು ಇವತ್ತಿಗೂ ನಿಂತಿವೆ. ಕಲ್ಲಿದ್ದಲಿನ ಹಾರುಬೂದಿಯನ್ನು ಅಮೆರಿಕದ ಹಂಗ್ರಿ ಹಾರ್ಸ್ ಅಣೆಕಟ್ಟಿನಲ್ಲಿ ದೊಡ್ಡ ಪ್ರಮಾಣದಲ್ಲೇ ಬಳಸಿದರು. ಅದು ಮುಗಿದದ್ದು 1953ರಲ್ಲಿ.

ಒಬ್ಬ ಗ್ರಾಹಕರು ಕೇಳಿದ ಪ್ರಶ್ನೆ ಸರಿಯಾದದ್ದೇ: ಈ ಬೂದಿಯಲ್ಲಿ ವಿಷ ಇಲ್ಲವಾ? ಆರ್ಸೆನಿಕ್, ಸೀಸದಂಥವು ಅತಿ ಸಣ್ಣ ಪ್ರಮಾಣದಲ್ಲಿ ಇರುತ್ತವೆ. ಬೂದಿಯನ್ನು ಬಯಲಲ್ಲಿ ರಾಶಿ ಹಾಕಿ ನೀರು ಇಳಿಯಲು ಬಿಟ್ಟರೆ ಅದು ಕೆಡುಕೇ. ಕಾಂಕ್ರೀಟಿನೊಳಗೆ ಅವು ಬಂಧಿಯಾಗಿರುತ್ತವೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2014ರಲ್ಲಿ ಹಾರುಬೂದಿಯ ಕಾಂಕ್ರೀಟನ್ನು ಪರಿಶೀಲಿಸಿ ಈ ಬಳಕೆ ಸರಿ ಎಂದೇ ಹೇಳಿತು. ಒಣ ಪುಡಿ ಶ್ವಾಸಕೋಶಕ್ಕೆ ಹೋಗುವುದು ಮಾತ್ರ ಕೆಟ್ಟದ್ದು. ನಮ್ಮ ಮಿಕ್ಸರ್ ಹತ್ತಿರ ಮಾಸ್ಕ್ ಇಲ್ಲದೆ ಈಗ ಯಾರನ್ನೂ ನಿಲ್ಲಿಸುವುದಿಲ್ಲ. ನೀವು ಬ್ಲಾಕ್ ಕತ್ತರಿಸುವಾಗಲೂ ನೀರು ಹಾಯಿಸಿ ಕತ್ತರಿಸಿ. ಈ ಮಾತು ಯಾವುದೇ ಕಾಂಕ್ರೀಟ್ ಬ್ಲಾಕಿಗೂ ಹೊಂದುತ್ತದೆ.

ಈಗ ನಿಮ್ಮ ಕಡೆಯ ಕೆಲಸ. ಪಾಯ ಹಾಕುವಾಗಲೇ ಬ್ಲಾಕಿನ ಆರ್ಡರ್ ಕೊಟ್ಟುಬಿಡಿ. ಪಾಯ ಮುಗಿದ ಮೇಲೆ ಬಂದರೆ ಕೆಲಸ ನಿಂತು ಮೇಸ್ತ್ರಿ ನಿಮ್ಮನ್ನು ಬೈಯುತ್ತಾರೆ, ನೀವು ನಮ್ಮನ್ನು. ಪ್ರತಿ ರಾಶಿಯ ಮೇಲೂ ಒತ್ತಿದ ದಿನಾಂಕ ಬಣ್ಣದಲ್ಲಿ ಬರೆದಿರುತ್ತೇವೆ. ಲೋಡ್ ಹೇರುವ ಮೊದಲು ನೀವೇ ಎಣಿಸಿ ನೋಡಿ. ಕಟ್ಟುವ ವಿಧಾನದಲ್ಲಿ ಬದಲಾವಣೆ ಇಲ್ಲ. ಗಾರೆಗೂ ಬೂದಿ ಹಾಕಬಹುದಾ ಅಂತ ಕೆಲವು ಮೇಸ್ತ್ರಿಗಳು ಕೇಳಿದ್ದಾರೆ. ಅಂದಾಜಿನ ಮೇಲೆ ಹಾಕಬೇಡಿ ಅನ್ನುವುದೇ ನಮ್ಮ ಸಲಹೆ. ನಮ್ಮ ಮೂಲೆ ಮುರಿದ ರಾಶಿ ಇನ್ನೂ ಅಂಗಳದಲ್ಲಿದೆ, ಬಂದು ನೋಡಬಹುದು.

ಈಗಾಗಲೇ ಮುಂಗಡ ಕೊಟ್ಟವರಿಗೆ ಹಳೆಯ ಮಿಶ್ರಣದ ಬ್ಲಾಕನ್ನೇ, ಹಳೆಯ ಅವಧಿಗೇ ಕೊಡುತ್ತೇವೆ. ಅರ್ಧ ಮನೆ ಕಟ್ಟಿ ನಿಂತವರು ದಯವಿಟ್ಟು ಒಮ್ಮೆ ಫೋನ್ ಮಾಡಿ. ಹೊಸ ಬ್ಲಾಕಿನ ಬೂದುಬಣ್ಣ ಸ್ವಲ್ಪ ಗಾಢ. ಗಿಲಾವು ಮಾಡುವ ಗೋಡೆಗೆ ಅದರಿಂದ ಏನೂ ಆಗುವುದಿಲ್ಲ. ಹಾಗೇ ಬಿಡುವ ಗೋಡೆಯಾದರೆ ಎರಡೂ ಬ್ಲಾಕ್ ಸೇರಿದ ಕಡೆ ಗೆರೆ ಎಳೆದ ಹಾಗೆ ಕಾಣುತ್ತದೆ. ಅಂಥವರಿಗೆಂದೇ ಹಳೆಯ ದಾಸ್ತಾನಿನಲ್ಲಿ ಒಂದಿಷ್ಟು ಎತ್ತಿಟ್ಟಿದ್ದೇವೆ.

ನಿಮ್ಮ,
ಬ್ಲಾಕ್ ತಯಾರಕರ ಸಹಕಾರ ಸಂಘದ ಸದಸ್ಯರು