ಕ್ಲಿನಿಕ್‌ಗೆ ಹತ್ತು ವರ್ಷ: ಥ್ಯಾಂಕ್ಸ್ ಹೇಳಬೇಕಾದವರು

ಎಲ್ಲರಿಗೂ ನಮಸ್ಕಾರ.

ಸಾಗರದಲ್ಲಿ ನಾಯಿ, ಬೆಕ್ಕುಗಳಿಗಾಗಿ ಈ ಸಣ್ಣ ಕ್ಲಿನಿಕ್ ಶುರು ಮಾಡಿ ಈ ತಿಂಗಳಿಗೆ ಹತ್ತು ವರ್ಷ ತುಂಬಿತು. ಇಂಥದ್ದೊಂದು ಬರಹ ಬರೆಯುವ ದಿನ ಬರುತ್ತದೆ ಎಂದು ಹೋದ ಮಳೆಗಾಲದಲ್ಲಿ ನಾನು ಅಂದುಕೊಂಡಿರಲಿಲ್ಲ. ಬಾಗಿಲು ಹಾಕುವ ಯೋಚನೆ ಎಲ್ಲಿಯವರೆಗೆ ಹೋಗಿತ್ತು ಅನ್ನುವುದು ಹತ್ತಿರದವರಿಗೆ ಗೊತ್ತು. ಒಂದು ಮನೆಯವರ ನಾಯಿ ನಮ್ಮಲ್ಲಿ ಚಿಕಿತ್ಸೆಗೆ ಬಂದು ತೀರಿಕೊಂಡ ಮೇಲೆ, ದುಡ್ಡಿಗಾಗಿ ಹೀಗೆ ಮಾಡಿದರು ಎಂದು ನನ್ನನ್ನು ದೂರಿ ಹರಿದಾಡಿದ ಆ ವಿಡಿಯೊ, ಅದಕ್ಕೆ ಮೊದಲು ಏನಾಯಿತು, ಆಮೇಲೆ ಯಾರು ಏನೆಂದರು, ಎಲ್ಲ ನಿಮಗೆ ಗೊತ್ತಿರುವುದೇ. ಮತ್ತೆ ಕೆದಕುವುದಿಲ್ಲ. ಆ ಮನೆಯವರು ಮಗುವಿನಂತೆ ಸಾಕಿದ್ದ ನಾಯಿ ಹೋಯಿತು. ಅವರ ಸಂಕಟ ಸುಳ್ಳಲ್ಲ. ಅಷ್ಟು ಹೇಳಿ ಮುಂದೆ ಹೋಗುತ್ತೇನೆ.

ದಿನಾ ಫೋನ್ ಮಾಡಿ ಊಟ ಆಯ್ತಾ ಎಂದು ಕೇಳಿದ ಹೆಬ್ಬಾಳ ಪಶುವೈದ್ಯ ಕಾಲೇಜಿನ ನನ್ನ ಬ್ಯಾಚಿನವರಿಗೆ, ರಾತ್ರಿ ಎಷ್ಟು ಹೊತ್ತಾದರೂ ಶಟರ್ ಎತ್ತಿ ಔಷಧ ಕೊಟ್ಟ ಮೆಡಿಕಲ್ ಶಾಪಿನವರಿಗೆ, ಮಳೆಯಲ್ಲೂ ಆಕ್ಸಿಜನ್ ಸಿಲಿಂಡರ್ ತಲುಪಿಸಿದ ಹುಡುಗರಿಗೆ, ರಕ್ತ ಬೇಕು ಎಂದಾಗ ತಮ್ಮ ನಾಯಿಯನ್ನು ಕಾರಿನಲ್ಲಿ ಹಾಕಿಕೊಂಡು ಬಂದವರಿಗೆ, ಅಡುಗೆಮನೆ ಪೂರ್ತಿ ವಹಿಸಿಕೊಂಡ ಅತ್ತೆಗೆ, ಏನೂ ಕೇಳದೆ ಜೊತೆಗಿದ್ದ ಯಜಮಾನರಿಗೆ, ಎಲ್ಲರಿಗೂ ಮನಸಾರೆ ಧನ್ಯವಾದ.

ಇನ್ನು ಅಣ್ಣನ ವಿಷಯ.

ಕ್ಲಿನಿಕ್‌ಗೆ ಬರುವವರೆಲ್ಲ ಅವರನ್ನು ಕಾಂಪೌಂಡರ್ ಅಣ್ಣ ಎಂದೇ ಕರೆಯುತ್ತಾರೆ. "ಹೆಸರು ಗಿಸರು ಹಾಕ್ಬೇಡಿ ಮೇಡಂ" ಎಂದು ಮೊದಲೇ ಹೇಳಿದ್ದಾರೆ, ಹಾಗಾಗಿ ಹಾಕುವುದಿಲ್ಲ. ಸರ್ಕಾರಿ ಪಶು ಆಸ್ಪತ್ರೆಯಲ್ಲಿ ದುಡಿದು ನಿವೃತ್ತರಾದವರು. ಹಸು, ಎಮ್ಮೆ ಹಿಡಿದು ಪಳಗಿದ ಕೈ. ನಾನು ಕ್ಲಿನಿಕ್ ತೆರೆದ ಹೊಸದರಲ್ಲಿ "ಮನೇಲಿ ಕೂತು ಬೇಜಾರು" ಎಂದು ಬಂದವರು, ಇವತ್ತಿಗೂ ಇದ್ದಾರೆ.

ಆ ವಿಡಿಯೊ ಹರಿದಾಡತೊಡಗಿದ ದಿನ ಸಂಜೆಯಿಂದ ನನ್ನ ಫೋನ್ ಬಿಡುವಿಲ್ಲದೆ ಹೊಡೆದುಕೊಳ್ಳುತ್ತಿತ್ತು. ಗುರುತಿಲ್ಲದ ನಂಬರುಗಳು. ಎತ್ತಿದರೆ ಬೈಗುಳ. ಕೆಳಗೆ ಕಾಮೆಂಟ್ ಹಾಕಿದವರಲ್ಲಿ, ಮರಿಯಿದ್ದಾಗಿನಿಂದ ನನ್ನ ಹತ್ತಿರವೇ ಲಸಿಕೆ ಹಾಕಿಸಿಕೊಂಡು ಹೋದವರ ಹೆಸರೂ ಕಂಡಿತು. ಕೈ ನಡುಗುತ್ತಿತ್ತು. ಅಣ್ಣ ನನ್ನ ಕೈಯಿಂದ ಫೋನ್ ತೆಗೆದುಕೊಂಡು ಆಫ್ ಮಾಡಿ, ಹತ್ತಿ, ಬ್ಯಾಂಡೇಜ್ ಇಡುವ ಡ್ರಾಯರ್‌ಗೆ ಹಾಕಿದರು. "ಯಾರಾದ್ರೂ ಪೇಷೆಂಟ್ ಇದ್ರೆ ಬಾಗಿಲು ಬಡೀತಾರೆ" ಅಂದರು.

ರಾತ್ರಿ ಬಾಗಿಲು ಬಡಿದರು. ಹೊಸನಗರ ಕಡೆಯ ಗೌಡರು, ಜೊತೆಗೆ ಮಗ. ಜೀಪಿನ ಹಿಂದೆ ಗೋಣಿಚೀಲದ ಮೇಲೆ ರಾಜಾ, ಅವರ ತೋಟದ ನಾಯಿ. ಅಡಿಕೆ ಸಿಪ್ಪೆಯ ರಾಶಿಯ ಹತ್ತಿರ ನಾಗರಹಾವನ್ನು ಅಡ್ಡಗಟ್ಟಿತ್ತಂತೆ. ಮೂತಿಯ ಮೇಲೆ ಕಚ್ಚಿತ್ತು. ಹಾವನ್ನು ಅವರೇ ಕಣ್ಣಾರೆ ನೋಡಿದ್ದು ದೊಡ್ಡ ಪುಣ್ಯ. ನಮಗೆ ಸಿಗುವ ವಿಷನಿರೋಧಕ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕಕ್ಕೆ ಮಾತ್ರ. ಕುದುರೆಯ ರಕ್ತದಿಂದ ಮನುಷ್ಯರಿಗೆಂದು ತಯಾರಿಸುವ ಅದೇ ಇಂಜೆಕ್ಷನ್ ನಾಯಿಗೂ. ನಮ್ಮ ಮಲೆನಾಡಿನ ಕಾಳಿಂಗ ಸರ್ಪದ ವಿಷಕ್ಕೆ ಅದು ಆಗಿಬರುವುದಿಲ್ಲ.

ಬಾಟಲಿ ಏರಿಸುವಷ್ಟರಲ್ಲಿ ರಾಜಾನ ಕುತ್ತಿಗೆ ಜೋತು ಬಿತ್ತು. ಆಮೇಲೆ ಉಸಿರಾಟ ನಿಂತಿತು. ನಾಗರಹಾವಿನ ವಿಷ ನರದ ಅಪ್ಪಣೆ ಸ್ನಾಯುವಿಗೆ ಮುಟ್ಟದ ಹಾಗೆ ಮಾಡುತ್ತದೆ. ರೆಪ್ಪೆ ಅಲ್ಲಾಡುವುದಿಲ್ಲ, ಎದೆ ಏರುವುದಿಲ್ಲ. ಹೃದಯ ಮಾತ್ರ ಹೊಡೆದುಕೊಳ್ಳುತ್ತಿರುತ್ತದೆ. ವಿಷದ ಹಿಡಿತ ಸಡಿಲವಾಗುವವರೆಗೆ ಆ ನಾಯಿಯ ಪರವಾಗಿ ಯಾರಾದರೂ ಉಸಿರಾಡಬೇಕು. ದೊಡ್ಡ ಆಸ್ಪತ್ರೆಗಳಲ್ಲಿ ಅದಕ್ಕೆ ವೆಂಟಿಲೇಟರ್ ಇರುತ್ತದೆ. ನಮ್ಮಲ್ಲಿರುವುದು ಆಂಬು ಬ್ಯಾಗ್, ಕೈಯಲ್ಲಿ ಹಿಸುಕುವ ಗಾಳಿಚೀಲ. ಗಂಟಲಿಗೆ ಟ್ಯೂಬ್ ಇಳಿಸಿ ಚೀಲ ಜೋಡಿಸಿದೆ. ಅಣ್ಣ ಸ್ಟೂಲ್ ಎಳೆದುಕೊಂಡು ಕೂತರು. ನಾಲ್ಕೈದು ಸೆಕೆಂಡಿಗೊಮ್ಮೆ ಒತ್ತಬೇಕು. ಬೇಗ ಒತ್ತಬಾರದು, ಜೋರಾಗಿಯೂ ಒತ್ತಬಾರದು.

ಅಷ್ಟರಲ್ಲಿ ಕರೆಂಟ್ ಹೋಯಿತು. ಇನ್ವರ್ಟರಿನ ಒಂದು ಬಲ್ಬು ಉಳಿಯಿತು.

ಗೌಡರು ಸ್ವಲ್ಪ ಹೊತ್ತು ನೋಡಿದರು. "ಡಾಕ್ಟ್ರಮ್ಮ, ಜೀವ ಹೋಗಿದೆ ಅಲ್ವಾ. ಸುಮ್ನೆ ಯಾಕೆ ಅದಕ್ಕೆ ಹಿಂಸೆ?" ಅಂದರು. ನಾನು ನರ, ಸ್ನಾಯು, ವಿಷ ಎಂದೆಲ್ಲ ಬಿಡಿಸಿ ಹೇಳಿದೆ. ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ. ಹಿಂದೆ ನಿಂತಿದ್ದ ಮಗ ಹೇಳಿಯೇಬಿಟ್ಟ: "ಬಿಲ್ ಏರಿಸೋಕೆ ಅಪ್ಪ, ಇದೆಲ್ಲ." ವಿಡಿಯೊ ಅವನೂ ನೋಡಿದ್ದ. ನನ್ನ ಬಾಯಿ ಕಟ್ಟಿಹೋಯಿತು.

ಅಣ್ಣ ಚೀಲ ಒತ್ತುವುದನ್ನು ನಿಲ್ಲಿಸಲಿಲ್ಲ. ದನಿಯೂ ಏರಲಿಲ್ಲ. "ಗೌಡ್ರೇ, ಇತ್ಲಾಗೆ ಬನ್ನಿ. ಕೈ ಕೊಡಿ" ಎಂದು ಇನ್ನೊಂದು ಕೈಯಿಂದ ಅವರ ಬೆರಳು ಹಿಡಿದು, ರಾಜಾನ ಹಿಂಗಾಲಿನ ತೊಡೆಯ ಒಳಭಾಗಕ್ಕೆ ಇಟ್ಟರು. ನಾಡಿ ಸಿಗುವ ಜಾಗ ಅದು. "ಮೆತ್ತಗೆ ಒತ್ತಿ. ಸಿಕ್ತಾ?"

ಗೌಡರು ತುಸು ಹೊತ್ತು ಮಾತಾಡಲಿಲ್ಲ. ಆಮೇಲೆ "ಹೂಂ, ಬಡೀತಾ ಇದೆ" ಅಂದರು.

"ಅದು ಬಡಿಯೋ ತನಕ ನಾವು ಒತ್ತೋದು. ನೀವು ಕೈ ತೆಗೀಬೇಡಿ. ನಿಂತ್ರೆ ನೀವೇ ಹೇಳಿ, ನಾವು ನಿಲ್ಲಿಸ್ತೀವಿ."

ನನ್ನ ಅಷ್ಟು ವಿವರಣೆಯಿಂದ ಆಗದಿದ್ದದ್ದು ಅಷ್ಟರಿಂದ ಆಯಿತು. ಗೌಡರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು, ಬೆರಳು ತೆಗೆಯಲಿಲ್ಲ. ನಡುರಾತ್ರಿ ದಾಟಿದ ಮೇಲೆ ಮಗನೇ ಮುಂದೆ ಬಂದು "ನಾನು ಸ್ವಲ್ಪ ಹೊತ್ತು ಒತ್ತಲಾ?" ಎಂದು ಕೇಳಿದ. ಅಣ್ಣ ಅವನ ಕೈಯ ಮೇಲೆ ತಮ್ಮ ಕೈಯಿಟ್ಟು ಲೆಕ್ಕ ಕಲಿಸಿದರು. ತಾವು ಎದ್ದು ಹೋಗಿ ಮಲಗಬಹುದಿತ್ತು. ಹೋಗಲಿಲ್ಲ. ರೆಪ್ಪೆ ಮುಚ್ಚಲಾಗದ ನಾಯಿಯ ಕಣ್ಣು ಒಣಗಿದರೆ ಹುಣ್ಣಾಗುತ್ತದೆ. ಆಗಾಗ ಮುಲಾಮು ಹಚ್ಚುತ್ತಾ, ಮಗ್ಗುಲು ಬದಲಿಸುತ್ತಾ, ನನಗೆ ಸ್ಟವ್ ಮೇಲೆ ಹಾಲಿಲ್ಲದ ಕಣ್ಣ ಕಾಫಿ ಮಾಡಿಕೊಡುತ್ತಾ ಅಲ್ಲೇ ಇದ್ದರು.

ಇದನ್ನು ಬರೆಯಬೇಕೋ ಬೇಡವೋ ಎಂದು ತುಂಬಾ ಯೋಚಿಸಿದೆ. ಬರೆಯುತ್ತೇನೆ. ಆ ಹುಡುಗ ಚೀಲ ಒತ್ತುತ್ತಿದ್ದಾಗ ನಾನು ಹಿಂದಿನ ಬಾಗಿಲ ಮೆಟ್ಟಿಲ ಮೇಲೆ ಹೋಗಿ ಕೂತೆ. ನನಗೆ ಬೆಳಗಾಗುವುದೇ ಬೇಡವಾಗಿತ್ತು. ಪಶುವೈದ್ಯರಲ್ಲದವರಿಗೆ ಇದು ಅತಿ ಅನಿಸಬಹುದು. ಅಮೆರಿಕದಲ್ಲಿ 1979ರಿಂದ 2015ರವರೆಗೆ ತೀರಿಕೊಂಡ ಪಶುವೈದ್ಯರ ದಾಖಲೆಗಳನ್ನು ಅಲ್ಲಿನ ರೋಗ ನಿಯಂತ್ರಣ ಕೇಂದ್ರ, ಅಂದರೆ ಸಿಡಿಸಿಯವರು ನೋಡಿದಾಗ, ಆತ್ಮಹತ್ಯೆಯ ಪ್ರಮಾಣ ಸಾಮಾನ್ಯ ಜನರಿಗಿಂತ ಗಂಡಸರಲ್ಲಿ ಸುಮಾರು 2 ಪಟ್ಟು, ಹೆಂಗಸರಲ್ಲಿ ಸುಮಾರು 3.5 ಪಟ್ಟು ಇತ್ತು. ಓದಿದಾಗ ದೂರದ ಯಾವುದೋ ದೇಶದ ಸಂಗತಿ ಎಂದುಕೊಂಡಿದ್ದೆ. ಆ ಮೆಟ್ಟಿಲ ಮೇಲೆ ಹಾಗೆ ಅನಿಸಲಿಲ್ಲ. ಅಣ್ಣ ಬಂದು ಪಕ್ಕ ಕೂತರು. ಸಮಾಧಾನ ಹೇಳಲಿಲ್ಲ. "ಮೇಡಂ, ಮುಂದಿನ ಡೋಸ್ ಎಷ್ಟೊತ್ತಿಗೆ?" ಎಂದು ಕೇಳಿದರು. ಎದ್ದು ಒಳಗೆ ಹೋದೆ.

ಬೆಳಕು ಹರಿಯುವ ಹೊತ್ತಿಗೆ ರಾಜಾ ಗಂಟಲಿನ ಟ್ಯೂಬನ್ನು ಜಗಿಯಲು ನೋಡಿದ. ಗೌಡರು ಗಾಬರಿಯಾಗಿ ನನ್ನನ್ನು ಕೂಗಿದರು. ಅದು ಒಳ್ಳೆಯ ಲಕ್ಷಣ ಎಂದು ಹೇಳುವಾಗ ನನಗೆ ಅಳು ತಡೆಯಲಾಗಲಿಲ್ಲ.

ಆಮೇಲೂ ವಾರಗಟ್ಟಲೆ ಕ್ಲಿನಿಕ್ ಖಾಲಿ ಹೊಡೆಯುತ್ತಿತ್ತು. ಸಂಬಳ ತಡವಾದರೂ ಅಣ್ಣ ದಿನಾ ಬಂದು ಕಸ ಗುಡಿಸಿ, ಟೇಬಲ್ ಒರೆಸಿ ಕೂರುತ್ತಿದ್ದರು. ಫೇಸ್‌ಬುಕ್ ಅಂದರೇನೆಂದು ಗೊತ್ತಿಲ್ಲದ ಗೌಡರು ಅಡಿಕೆ ಮಂಡಿಯಲ್ಲಿ, ಸಂತೆಯಲ್ಲಿ ಸಿಕ್ಕವರಿಗೆಲ್ಲ ಆ ರಾತ್ರಿಯ ಕತೆ ಹೇಳಿದರಂತೆ. ನಿಧಾನಕ್ಕೆ ಜನ ಬರತೊಡಗಿದರು. ಗೌಡರಿಗೂ ಅವರ ಮಗನಿಗೂ ನಾನು ಋಣಿ.

ಕಾಲೇಜಿನಲ್ಲಿ ಹಸು, ಕುದುರೆ, ನಾಯಿಯ ಒಂದೊಂದು ಮೂಳೆಯ ಹೆಸರನ್ನೂ ಬಾಯಿಪಾಠ ಮಾಡಿಸಿದರು. ಕಾಯಿಲೆಯ ಪ್ರಾಣಿಯನ್ನು ಹಿಡಿದುಕೊಂಡು ನಿಂತ ಮನುಷ್ಯರ ಜೊತೆ ಹೇಗೆ ಮಾತಾಡಬೇಕು ಎಂದು ನಾನು ಕಲಿತದ್ದು ಅಣ್ಣನಿಂದ. ನಮ್ಮ ರೋಗಿ ಬಾಯಿ ಬಿಟ್ಟು ಏನೂ ಹೇಳುವುದಿಲ್ಲ. ಹೇಳಬೇಕಾದವರು ಸಾಕಿದವರು. ಅವರಿಗೋ ಭಯ, ಡಾಕ್ಟ್ರು ಬೈತಾರೆ ಅಂತ. "ಮನೇಲಿ ಏನಾದ್ರೂ ಔಷಧ ಕೊಟ್ಟಿದ್ರಾ?" ಎಂದು ನಾನು ಕೇಳಿದರೆ ಉತ್ತರ ಯಾವಾಗಲೂ "ಇಲ್ಲ ಮೇಡಂ". ಅಣ್ಣ ಬೇರೆ ಥರ ಕೇಳುತ್ತಾರೆ. "ಜ್ವರ ಇದ್ರೆ ನಾವೂ ಮನೇಲಿರೋ ಮಾತ್ರೆ ಕೊಟ್ಬಿಡ್ತೀವಿ. ನೀವು ಯಾವುದು ಕೊಟ್ರಿ?" ತಕ್ಷಣ ಹೊರಗೆ ಬರುತ್ತದೆ. ಒಮ್ಮೆ ಹೀಗೆ ಕೇಳಿದ್ದರಿಂದಲೇ ಒಂದು ಬೆಕ್ಕಿಗೆ ಪ್ಯಾರಾಸಿಟಮಾಲ್ ಕೊಟ್ಟಿದ್ದು ಗೊತ್ತಾಯಿತು. ನಮಗೆ ದಿನನಿತ್ಯದ ಆ ಮಾತ್ರೆ ಬೆಕ್ಕಿಗೆ ವಿಷ. ಒಂದು ಮಾತ್ರೆಯೂ ಜೀವ ತೆಗೆಯಬಹುದು. ಬೇಗ ಗೊತ್ತಾದ್ದರಿಂದ ಆ ಬೆಕ್ಕು ಉಳಿಯಿತು.

ಖರ್ಚಿನ ಮಾತೂ ಹಾಗೆಯೇ. ಹಣದ ವಿಷಯ ಎತ್ತಲು ನನಗೆ ಸಂಕೋಚ, ಕೇಳಲು ಅವರಿಗೆ ಸಂಕೋಚ. ಪಾರ್ವೊ ಎಂಬ ವಾಂತಿ, ಭೇದಿಯ ವೈರಸ್ ಕಾಯಿಲೆ ಬಂದ ನಾಯಿಮರಿಗೆ ದಿನಗಟ್ಟಲೆ ಡ್ರಿಪ್ ಬೇಕು, ಉಳಿಯುತ್ತದೆ ಎಂಬ ಖಾತ್ರಿಯೂ ಇಲ್ಲ. ಇದನ್ನು ಮೊದಲೇ ಹೇಳದಿದ್ದರೆ ಕೊನೆಗೆ ದುಃಖವೂ ಬಿಲ್ಲೂ ಒಟ್ಟಿಗೆ ಎದುರಾಗುತ್ತವೆ. ಈಗ ಅಣ್ಣನ ಸಲಹೆಯಂತೆ ಮೊದಲ ದಿನವೇ ಅಂದಾಜು ಖರ್ಚು ಚೀಟಿಯಲ್ಲಿ ಬರೆದು ಕೊಡುತ್ತೇನೆ. "ಇಷ್ಟು ನನ್ನ ಕೈಲಾಗಲ್ಲ" ಎಂದು ಹೇಳುವವರಿಗೆ ಮುಜುಗರವಾಗದ ಹಾಗೆ ಕಡಿಮೆ ಖರ್ಚಿನ ದಾರಿಯನ್ನೂ ಅದರ ಕೆಳಗೇ ಬರೆದಿರುತ್ತೇನೆ.

ಹಾಗೆ ನೇರವಾಗಿ ಹೇಳಿದ ಎಲ್ಲರಿಗೂ ಧನ್ಯವಾದ. ವಾಂತಿ ಎಷ್ಟು ಸಲ, ಯಾವ ಬಣ್ಣ ಎಂದು ಹಾಳೆಯಲ್ಲಿ ಬರೆದು ತಂದ ಮೇಷ್ಟ್ರಿಗೆ ಸ್ವಲ್ಪ ಜಾಸ್ತಿಯೇ ಧನ್ಯವಾದ. ಹದಿನಾಲ್ಕು ವರ್ಷದ ಪೊಮೇರಿಯನ್ ಅನ್ನು ಕೊನೆಯ ಇಂಜೆಕ್ಷನ್‌ಗೆ ಕರೆತಂದು, ಎಲ್ಲ ಮುಗಿದ ಮೇಲೆ ನನ್ನ ತಲೆ ನೇವರಿಸಿ "ನಿಂಗೂ ಕಷ್ಟ ಅಲ್ವಾ ಮಗಾ" ಅಂದ ಅಜ್ಜಿಗೆ ಏನು ಹೇಳಬೇಕೋ ಗೊತ್ತಾಗುತ್ತಿಲ್ಲ.

ಮಳೆ ಶುರುವಾಗಿದೆ, ಆದ್ದರಿಂದ ಇದನ್ನೂ ಸೇರಿಸುತ್ತೇನೆ. ನಾಯಿಗೆ ಹಾವು ಕಚ್ಚಿದರೆ ಗಾಯ ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, ಹಾವು ಹಿಡಿಯಲು ಹೋಗಬೇಡಿ. ದೂರದಿಂದ ಒಂದು ಫೋಟೊ ಸಿಕ್ಕರೆ ಸಾಕು. ನಡೆಸದೆ ಎತ್ತಿಕೊಂಡು ಬನ್ನಿ. ಹೊರಡುವಾಗಲೇ ಫೋನ್ ಮಾಡಿ, ಎಲ್ಲ ಸಿದ್ಧ ಮಾಡಿಟ್ಟಿರುತ್ತೇವೆ. ಹಸು, ಎಮ್ಮೆಗೆ ಏನಾದರೂ ಆದರೆ 1962ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಸಂಚಾರಿ ಪಶು ಚಿಕಿತ್ಸೆಯ ಉಚಿತ ನಂಬರ್.

ಅಣ್ಣ ಇದನ್ನು ಓದುವುದಿಲ್ಲ, ಅವರ ಮಗಳು ಓದಿ ಹೇಳುತ್ತಾಳೆ. ಅವರಿಗೆ ನೀವೂ ಒಂದು ಮಾತು ಹೇಳಬೇಕೆಂದಿದ್ದರೆ ಭಾನುವಾರ ಬೆಳಿಗ್ಗೆ ಕ್ಲಿನಿಕ್‌ಗೆ ಬನ್ನಿ. ಹತ್ತು ವರ್ಷದ ನೆಪದಲ್ಲಿ ಅವತ್ತು ರೇಬಿಸ್ ಲಸಿಕೆ ಉಚಿತವಾಗಿ ಹಾಕುತ್ತಿದ್ದೇವೆ. ನಾಯಿಗೆ ಬೆಲ್ಟ್ ಇರಲಿ, ಬೆಕ್ಕನ್ನು ಬುಟ್ಟಿಯಲ್ಲಿ ತನ್ನಿ, ಹಳೆಯ ಲಸಿಕೆ ಕಾರ್ಡ್ ಮರೆಯಬೇಡಿ. ರಾಜಾನೂ ಬರುತ್ತಾನೆ, ಗೌಡರು ಫೋನ್ ಮಾಡಿ ಹೇಳಿದ್ದಾರೆ.