ಸರಾಸರಿ ಲೆಕ್ಕದಲ್ಲಿ ಕಾಣದ ಅಮೆರಿಕ

ಸಂಪಾದಕರೇ,

ಸರಾಸರಿ ಆದಾಯ ನೋಡಿ ಅಮೆರಿಕದಲ್ಲಿ ಎಲ್ಲರೂ ಸುಖವಾಗಿದ್ದಾರೆ ಎಂದು ಬರೆಯುವವರು ಜಾಸ್ತಿಯಾಗಿದ್ದಾರೆ. ಅರ್ಥಶಾಸ್ತ್ರ ಕಲಿಸುವ ನಾನು ತರಗತಿಯಲ್ಲಿ ವೆಸ್ಟ್ ವರ್ಜೀನಿಯಾ ರಾಜ್ಯದ ಕಲ್ಲಿದ್ದಲು ಗಣಿಗಳ ಸೀಮೆಯಾದ ಮ್ಯಾಕ್‌ಡೊವೆಲ್ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಜನಗಣತಿ ತೋರಿಸುತ್ತೇನೆ. 1950ರಲ್ಲಿ ಅಲ್ಲಿ 98,887 ಜನರಿದ್ದರು. 2020ರಲ್ಲಿ ಉಳಿದವರು 19,111. ಕಲ್ಲಿದ್ದಲು ಮುಗಿದುಹೋಗಿ ಹೀಗಾಗಿದ್ದಲ್ಲ. ಗಣಿಗೆ ಯಂತ್ರ ಬಂತು, ನೂರಾರು ಜನರ ಕೆಲಸಕ್ಕೆ ಕೆಲವರೇ ಸಾಕಾದರು. ಆಮೇಲೆ ಆ ಕಲ್ಲಿದ್ದಲು ಕೊಳ್ಳುತ್ತಿದ್ದ ಉಕ್ಕಿನ ಕಾರ್ಖಾನೆಗಳೂ ಸೊರಗಿದವು. ದುಡಿಯುವ ವಯಸ್ಸಿನವರು ಊರು ಬಿಟ್ಟರು. ಅಧ್ಯಕ್ಷ ಕೆನಡಿ ಕಾಲದ ಮೊದಲ ಫುಡ್ ಸ್ಟಾಂಪ್ (ಬಡವರು ಆಹಾರ ಕೊಳ್ಳಲು ಸರ್ಕಾರದ ಕೂಪನ್) ಕೊಟ್ಟದ್ದೂ ಇದೇ ಕೌಂಟಿಯ ವೆಲ್ಚ್‌ನಲ್ಲಿ, 1961ರ ಮೇ 29ರಂದು. ಗಣಿ ಕೆಲಸ ಕಳೆದುಕೊಂಡಿದ್ದವನ 15 ಜನರ ಸಂಸಾರಕ್ಕೆ ಸಿಕ್ಕಿದ್ದು 95 ಡಾಲರಿನ ಕೂಪನ್. ಅಷ್ಟು ಕಲ್ಲಿದ್ದಲು ಕೊಟ್ಟ ನೆಲ ಅದು, ಸಂಕಟವಾಗುತ್ತದೆ ಅಲ್ವಾ? ದಯವಿಟ್ಟು ಕೌಂಟಿವಾರು ಅಂಕಿಗಳನ್ನೂ ಪ್ರಕಟಿಸಿ.

– ಒಬ್ಬ ಅರ್ಥಶಾಸ್ತ್ರ ಉಪನ್ಯಾಸಕ